ಸೋಮಲೆ ಹಂಚಿದ ಚಳಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಮನೋವಿಜ್ಞಾನ ಪಾಠ ಮಾಡುತ್ತಿದ್ದ ಅಂಬುಜಾಕ್ಷಿ ಮೇಡಂ. ವ್ಯಕ್ತಿತ್ವ ಪರೀಕ್ಷೆಯ ಅಂಕ ಕೂಡಿಸಿ, ನೀನು ಅಂತರ್ಮುಖಿ, ನೀನು ಸಂಶಯದವಳು ಎಂದು ನಾವು ಹುಡುಗಿಯರು ಒಬ್ಬರಿಗೊಬ್ಬರು ಹೆಸರು ಹಚ್ಚಿ ಮುಗಿಸಿದ್ದೆವು. “ಹೆಸರಿಟ್ಟಾಯಿತಾ? ಹಾಗಾದರೆ ಈಗ ಕೇಳಿ” ಎಂದು ಅವರು ಡಂಗುರದಿಂದಲೇ ಶುರುಮಾಡಿದರು.

“ಕೇಳ್ರಪ್ಪೋ ಕೇಳಿ! ಹೊಳಲೂರಿನ ದೊರೆ ಬಿಜ್ಜರಸರ ಅಪ್ಪಣೆ! ರಾಜಕುಮಾರಿ ಸೋಮಲೆಯ ಕಾಯಿಲೆ ವಾಸಿ ಮಾಡಲು ಬರುವವರು ಮೊದಲು ಅವಳ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ನೇಣು!”

ಕಾಯಿಲೆಯೆಂದರೆ ಜ್ವರವಲ್ಲ, ಕೆಮ್ಮಲ್ಲ. ಸೋಮಲೆ ಚಿಕ್ಕವಳಿದ್ದಾಗ ತಾಯಿ ತೀರಿಕೊಂಡರು. ಅವಳು ಅಳಲಿಲ್ಲ. ಗಟ್ಟಿ ಹುಡುಗಿ ಎಂದು ಅರಮನೆಯವರೆಲ್ಲ ಹೊಗಳಿದರು. ಆಮೇಲೆ ಯಾವುದಕ್ಕೂ ಅವಳು ಅಳಲಿಲ್ಲ. ಹತ್ತಿರ ಬಂದವರನ್ನು ಮಾತಿನಲ್ಲೇ ಕೊಯ್ದು ಕಳಿಸುವಳು. ಊಟ ಬಿಡುತ್ತ ಬಿಡುತ್ತ ಈಗ ಎರಡು ಗುಟುಕು ಗಂಜಿಗೆ ಇಳಿದಿದ್ದಳು. ಹೀಗೇ ಹೋದರೆ ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ದಾಸಿಯರು ಪಿಸುಗುಡುತ್ತಿದ್ದರು.

ಆ ಊರಿನ ಹೊಳೆಯಲ್ಲಿ ದ್ಯಾವ ಎಂಬ ಹುಡುಗ ಹರಿಗೋಲು ಹಾಕುತ್ತಿದ್ದ. ಅವನ ಅಣ್ಣ ಕೆಂಚನಿಗೆ ಬಾಯಿ ಜೋರು. “ನಾಳೆಯಿಂದ ನೀನು ರಾಜರ ತಮ್ಮ ಕಣೋ” ಎಂದು ಹೇಳಿ ಹೋದವನು ಮೊದಲ ಒಗಟಿನಲ್ಲೇ ಸಿಕ್ಕಿಬಿದ್ದು ಸೆರೆಮನೆ ಸೇರಿದ. ನಾಳೆ ಅಮಾವಾಸ್ಯೆ. ಒಗಟು ಬಿಡಿಸಿದರೆ ಅಣ್ಣನ ಪ್ರಾಣವನ್ನಾದರೂ ಕೇಳಬಹುದು ಎಂದುಕೊಂಡು ದ್ಯಾವ ಅರಮನೆಗೆ ಬಂದು, ತಾನು ಕೆಂಚನ ತಮ್ಮ ಎಂದು ಬಾಗಿಲಲ್ಲಿ ಹೇಳಿಕೊಂಡ.

ಅವನಿಗಿಂತ ಮುಂದೆ ಒಬ್ಬ ಪಂಡಿತ, ಒಬ್ಬ ಪಕ್ಕದ ಸೀಮೆಯ ರಾಜಕುಮಾರ. ಸೋಮಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು: “ಒಂದು ಮನೆ. ಕಳ್ಳ ಎಲ್ಲವನ್ನೂ ದೋಚಿಕೊಂಡು ಹೋಗಿ ಎಷ್ಟೋ ಕಾಲವಾಯಿತು. ಆದರೂ ಬಾಗಿಲಿಗೆ ಅಗುಳಿಯ ಮೇಲೆ ಅಗುಳಿ. ಯಾಕೆ?”

“ವಾತ ಕೆರಳಿದೆ, ಅದರಿಂದ ಹುಟ್ಟಿದ ಭಯ” ಎಂದ ಪಂಡಿತ. ಭಟರು ಅವನನ್ನು ಎಳೆದೊಯ್ದರು.

“ಅದು ಜಿಪುಣರ ಮನೆ” ಎಂದು ರಾಜಕುಮಾರ ನಕ್ಕ. ನಗು ಮುಗಿಯುವಷ್ಟರಲ್ಲಿ ಅವನೂ ಹೋದ.

“ಅಂಬಿಗಾ, ನಿನ್ನದೇನು? ಬೇಗ ಹೇಳು. ನಿನ್ನ ಅಣ್ಣ ಕಾಯುತ್ತಿರಬೇಕು” ಎಂದಳು ಸೋಮಲೆ.

ಆ ಮಾತು ಚುಚ್ಚಿತು. ದ್ಯಾವ ನುಂಗಿಕೊಂಡ. “ಅಮ್ಮಣ್ಣಿ, ಉತ್ತರ ಹೇಳುವ ಮೊದಲು ಒಂದು ಮಾತು ಕೇಳಬಹುದಾ? ಕೇಳಬಾರದು ಅಂತ ಡಂಗುರದಲ್ಲಿ ಸಾರಲಿಲ್ಲ.”

ಬಂದವರೆಲ್ಲ ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು. ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

“ಕೇಳು.”

“ಮನೆಯೊಳಗೆ ಯಾರಾದರೂ ಇದ್ದಾರಾ?”

ಸೋಮಲೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. “ಒಬ್ಬಳಿದ್ದಾಳೆ.”

“ಹಾಗಾದರೆ ಅಗುಳಿ ಕಳ್ಳನಿಗಲ್ಲ. ಯಾರಾದರೂ ಒಳಗೆ ಬಂದು, ಅಯ್ಯೋ ಇಲ್ಲೇನೂ ಉಳಿದಿಲ್ಲವಲ್ಲ ಅಂತ ನೋಡಿಬಿಡುತ್ತಾರೆ ಅನ್ನುವ ಅಂಜಿಕೆಗೆ.”

ಅವಳು ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ಭಟರು ನಿಂತಲ್ಲೇ ನಿಂತರು.

“ಒಬ್ಬಳು ಅಡುಗೆ ಮಾಡುತ್ತಾಳೆ. ಅಪ್ಪ ಉಂಡರೂ ಉಪ್ಪು ಹೆಚ್ಚು, ಗೆಳತಿ ಉಂಡರೂ ಉಪ್ಪು ಹೆಚ್ಚು, ಗುರುತಿಲ್ಲದವರು ಉಂಡರೂ ಹೆಚ್ಚು. ಅಷ್ಟು ಉಪ್ಪು ಯಾರಿಗೆಂದು ಹಾಕಿದ್ದು?” ಎಂದು ಎರಡನೆಯದನ್ನು ಕೇಳಿದಳು.

“ಅವಳ ಪಂಕ್ತಿಯಲ್ಲಿ ಯಾರಾದರೂ ಊಟದ ನಡುವೆ ಎದ್ದು ಹೋಗಿದ್ದರಾ?”

“ಹೋಗಿದ್ದರು” ಎಂದಳು. ದನಿ ಸಣ್ಣದಾಗಿತ್ತು. “ಹೇಳದೆ.”

“ಉಪ್ಪು ಅಂದರೆ ಸಿಟ್ಟು. ಅದು ಎದ್ದು ಹೋದವರ ಪಾಲಿನದು, ಅಮ್ಮಣ್ಣಿ. ಅವರು ತಿರುಗಿ ಬರಲಿಲ್ಲ. ಸಿಟ್ಟಿನ ಅಡುಗೆ ಆರಲಿಲ್ಲ. ಎದುರಿಗೆ ಕೂತವರಿಗೆಲ್ಲ ಅದನ್ನೇ ಬಡಿಸುತ್ತಿದ್ದಾಳೆ. ಈಗ ನನಗೂ ಬಡಿಸಿದಳಲ್ಲ, ಅಣ್ಣನ ಹೆಸರು ತೆಗೆದು.”

ಬಿಜ್ಜರಸರು ಸಿಂಹಾಸನದಲ್ಲಿ ಅಲುಗಾಡಿದರು. ಸೋಮಲೆ ಮೊದಲ ಸಲ ತಿರುಗಿ ದ್ಯಾವನನ್ನು ನೋಡಿದಳು. ಆ ನೋಟಕ್ಕೆ ಅವನ ಬೆನ್ನಲ್ಲಿ ಚಳಿ ಕೊರೆಯಿತು.

“ಕೊನೆಯದು. ನನ್ನೆದುರು ಕೂತವರಿಗೆಲ್ಲ ಚಳಿ ಹಿಡಿಯುತ್ತದೆ. ನನಗೆ ಹಿಡಿಯುವುದಿಲ್ಲ. ಈ ಚಳಿ ಯಾರದು?”

ದ್ಯಾವನ ಹಲ್ಲು ನಿಜಕ್ಕೂ ಕಟಕಟಿಸುತ್ತಿತ್ತು. ಎದ್ದು ಓಡಬೇಕು ಅನ್ನಿಸಿತು. ‘ಹೆದರಿದವರದು’ ಎಂಬ ಉತ್ತರ ನಾಲಿಗೆಯ ತುದಿಗೆ ಬಂತು. ಅದನ್ನು ಆಡಿದ್ದರೆ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಮರ. ಅವನು ಸುಮ್ಮನೆ ಕೂತು ತನ್ನ ಮೈಯನ್ನೇ ಗಮನಿಸಿದ. ಸಭೆ ಗುಸುಗುಸು ಎಂದಿತು. “ಮುಗೀತು ಇವನ ಕತೆ” ಎಂದು ಯಾರೋ ಅಂದರು.

“ಅಮ್ಮಣ್ಣಿ” ಎಂದ ಕೊನೆಗೆ. “ನೇಣಿನ ಭಯ ನನಗಿದೆ. ಅದು ಬೆಳಗಿನಿಂದ ಗಂಟಲಲ್ಲಿ ಕೂತಿದೆ, ಅದರ ಗುರುತು ನನಗುಂಟು. ಈ ಚಳಿ ಬೇರೆ. ಇಲ್ಲಿ ಕೂತ ಮೇಲೆ ಬಂದದ್ದು. ಮನೆತುಂಬ ಜನ ಓಡಾಡುತ್ತಿದ್ದಾರೆ, ಅಂಗಳದಲ್ಲಿ ಒಂದು ಮಗು ನಿಂತಿದೆ, ಯಾರೂ ಒಳಗೆ ಕರೆಯುತ್ತಿಲ್ಲ ಅನ್ನುವ ಹಾಗಿದೆ. ಇದು ನನ್ನದಲ್ಲ. ನಿಮ್ಮದು. ಒಬ್ಬರೇ ಹೊರಲಾರದೆ ಬಂದವರಿಗೆಲ್ಲ ಹಂಚಿದ್ದೀರಿ.”



“ಅಪ್ಪಾಜಿ” ಎಂದಳು ಸೋಮಲೆ, “ನನಗೆ ಚಳಿಯಾಗುತ್ತಿದೆ.”

ಬಿಜ್ಜರಸರು ಎದ್ದು ಬಂದು ತಮ್ಮ ಶಾಲು ಹೊದಿಸಿದರು. “ಕಾಯಿಲೆಯ ಹೆಸರೇನಪ್ಪ?” ಎಂದು ದ್ಯಾವನನ್ನು ಕೇಳಿದರು.

“ಹೆಸರು ಗೊತ್ತಿಲ್ಲ ಬುದ್ಧಿ. ಅಗುಳಿ ಯಾಕೆ, ಉಪ್ಪು ಯಾರಿಗೆ, ಚಳಿ ಯಾರದು, ಇಷ್ಟು ತಿಳಿಯಿತು. ವಾಸಿಯಾಗಿಲ್ಲ. ಇನ್ನು ಮಾತು ಶುರುಮಾಡಬಹುದು, ಅಷ್ಟೆ.”

ದೊರೆ ಸೆರೆಯವರನ್ನೆಲ್ಲ ಬಿಡಿಸಿದರು. ಅರ್ಧ ರಾಜ್ಯ, ಮದುವೆ ಎಂದು ಮಂತ್ರಿ ತಾಂಬೂಲ ತರಿಸಿದಾಗ ದ್ಯಾವ ಕೈಮುಗಿದ.

“ಬೇಡ ಬುದ್ಧಿ. ನಾನು ಗಂಡನಾದರೆ ಅಮ್ಮಣ್ಣಿ ಗಂಡನ ಮೇಲಿನ ಸಿಟ್ಟನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ದಿನಾ ಮಧ್ಯಾಹ್ನ ಬಂದು ಕೂರಲು ಒಂದು ಚಾಪೆ ಕೊಡಿಸಿ. ಹೊಳೆಯ ಕೆಲಸ ಅಣ್ಣ ನೋಡಿಕೊಳ್ಳಲಿ.”

“ಅರ್ಧ ರಾಜ್ಯ ಬಿಟ್ಟು ಚಾಪೆ ಕೇಳಿದೆಯಲ್ಲೋ, ಗೂಬೆ!” ಎಂದು ಕೆಂಚ ದಾರಿಯುದ್ದಕ್ಕೂ ಬೈದ. ಬೈಯುತ್ತ ಬೈಯುತ್ತ ತಮ್ಮನ ಹೆಗಲ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಚಾಪೆ ಬಂತು. ಸೋಮಲೆ ಕೆಲವು ದಿನ ಮಾತಾಡಿದಳು, ಕೆಲವು ದಿನ ಬೈದಳು, ಎಷ್ಟೋ ದಿನ ಸುಮ್ಮನೆ ಕೂತಳು. ದ್ಯಾವ ಎದ್ದು ಹೋಗಲಿಲ್ಲ. ಗಂಜಿಯಿಂದ ಅನ್ನಕ್ಕೆ ಬರಲು ಒಂದು ಮಳೆಗಾಲ ಹಿಡಿಯಿತು. ತಾಯಿಯ ಹೆಸರು ಹಿಡಿದು ಅಳಲು ಇನ್ನೊಂದು.

ಇನ್ನು ಇದನ್ನು ನೀವು ಯಾರಿಗಾದರೂ ಹೇಳಿ. ಮದುವೆಯಿಲ್ಲದೆ ಇದೆಂಥ ಕತೆ ಎಂದು ಅವರು ಮುಖ ಸಿಂಡರಿಸಿದರೆ ಬದಲಾಯಿಸಲು ಹೋಗಬೇಡಿ. ಯಾಕೆ ಹಾಗನ್ನಿಸಿತು ಎಂದು ಅವರನ್ನೇ ಕೇಳಿ, ಅವರು ಹೇಳಿ ಮುಗಿಸುವವರೆಗೆ ಕೂತಿರಿ.