ಕ್ಷಮಾ ಕಾವಿಗೆ ಕೂತದ್ದು

ನದಿ ಬಳಸಿಕೊಂಡು ಹೋಗುವ ದಿಬ್ಬದ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಹೆಂಚಿನ ಕೋಣೆ, ಒಂದು ಹೊಂಗೆ ಮರ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಒಂದು ಮಂಗಳವಾರದಿಂದ ಮೂರು ಕೋಳಿ.

ಗುರು ವಯಸ್ಸಾದ ಹೆಂಗಸು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ಶಿಷ್ಯನ ಹೆಸರು ನಾಗಭೂಷಣ. ಮೋಕ್ಷ ಬೇಕೆಂದು ಬಂದವನು. ಕೋಳಿ ಬೇಕೆಂದು ಅವನೇನೂ ಕೇಳಿರಲಿಲ್ಲ.

ತಂದವಳು ಆಚೆ ದಡದ ದುಂಡಮ್ಮ. ಊರದೇವತೆ ಮಾರಮ್ಮನಿಗೆ ಅವಳ ಅತ್ತೆ ಹರಕೆ ಹೊತ್ತು ಸಾಕಲು ಬಿಟ್ಟಿದ್ದ ಕೋಳಿಗಳು ಅವು. ಸಾಕುತ್ತ ಸಾಕುತ್ತ ದುಂಡಮ್ಮನಿಗೆ ಅವೆಂದರೆ ಮಕ್ಕಳಂತಾಗಿಬಿಟ್ಟಿದ್ದವು.

“ಕುಯ್ಯೋಕೆ ಮನಸ್ಸು ಬರ್ಲಿಲ್ಲ ಅವ್ವಾ. ಅಮ್ಮನ ಹತ್ರ ಮಾತಾಡಿದೀನಿ. ಆಶ್ರಮಕ್ಕೆ ಬಿಟ್ರೆ ನಿನಗೇ ಬಿಟ್ಟಂಗೆ ಅಂತ ಹೇಳಿದೀನಿ.”

“ಅವಳೇನಂದ್ಲು?”

“ಏನೂ ಅನ್ಲಿಲ್ಲ. ಅದಕ್ಕೇ ಹೆದರಿಕೆ. ಇವು ಇಲ್ಲಿ ಚೆನ್ನಾಗಿದ್ರೆ ಒಪ್ಕೊಂಡ್ಲು ಅಂತ. ಒಂದು ಸತ್ರೂ ನಮ್ಮ ಮನೆ ಬಾಗಿಲಿಗೆ ಬರ್ತಾಳೆ.”

ಅವ್ವ ಶಿಷ್ಯನತ್ತ ತಿರುಗಿದರು. “ಕೇಳಿಸ್ತೇನೋ? ಇವತ್ತಿಂದ ಇವು ನಿನ್ನವು.”

“ನನ್ನ ಜಪ?”

“ಅದರಿಂದ ಕೋಳಿಗೇನೂ ತೊಂದ್ರೆ ಇಲ್ಲ.”

ನಾಗಭೂಷಣ ಅವಕ್ಕೆ ಶಾಂತಿ, ದಯಾ, ಕ್ಷಮಾ ಎಂದು ಹೆಸರಿಟ್ಟ. ಶಾಂತಿ ಬೆಳಗಿನಿಂದ ಬೈಗಿನವರೆಗೂ ಕೂಗುತ್ತಿದ್ದಳು. ದಯಾ ಉಳಿದಿಬ್ಬರ ಕಾಳನ್ನೂ ಕಸಿದು ತಿನ್ನುತ್ತಿದ್ದಳು. ಕ್ಷಮಾ ಹತ್ತಿರ ಬಂದವರನ್ನೆಲ್ಲ ಕುಕ್ಕುತ್ತಿದ್ದಳು.

ಆದರೂ ಹೊತ್ತು ಇಳಿಯುವಾಗ ಅವನ ಮಡಿಲು ಹತ್ತಿ ಕೂರುತ್ತಿದ್ದವಳು ಕ್ಷಮಾ ಒಬ್ಬಳೇ. ಎದೆಯ ಪುಕ್ಕದೊಳಗೆ ಬೆರಳಿಟ್ಟರೆ ಬೆಚ್ಚಗಿರುತ್ತಿತ್ತು. ಬಂಧನ ಎಂದರೇನು ಎಂದು ಅವನು ಓದಿದ್ದ. ಅದು ಇಷ್ಟು ಹಗುರ ಇರುತ್ತದೆಂದು ಯಾರೂ ಬರೆದಿರಲಿಲ್ಲ.

ಅವನು ಶ್ರದ್ಧೆಯವನು. ಕೋಳಿಗೆ ಹಾಕುವ ನುಚ್ಚನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸಲು ಕೂತ. ಆಶ್ರಮಕ್ಕೆ ಬಂದ ಮೊದಲ ವರ್ಷ ಪೂರ್ತಿ ಅವ್ವ ಅವನಿಗೆ ಕಲಿಸಿದ್ದು ಅದನ್ನೇ. ಅಕ್ಕಿ ನೋಡು, ಕಲ್ಲು ತೆಗೆ, ಅಷ್ಟೇ.

ಅವ್ವ ನೋಡಿದರು. ನದಿಗೆ ಇಳಿದು ಒಂದು ಹಿಡಿ ದಪ್ಪ ಮರಳು ತಂದು, ಆರಿಸಿದ ನುಚ್ಚಿನ ಮೇಲೆ ಸುರಿದರು.

“ಅವ್ವಾ, ಕಲ್ಲು.”

“ಹೂಂ.”

“ನೀವೇ ಅಲ್ವಾ ಆರಿಸೋಕೆ ಕಲಿಸಿದ್ದು?”

“ನಿನಗೆ ಹಲ್ಲಿದೆ. ಅವಕ್ಕೆಲ್ಲಿದೆ? ಹೊಟ್ಟೇಲಿ ಅರೆಯೋಕೆ ಕಲ್ಲು ಬೇಕು.”

ಅವನಿಗೆ ಅರ್ಧ ತಿಳಿಯಿತು.

ಮರುದಿನ ಮೂರೂ ಕೋಳಿ ಒಲೆಬೂದಿ ಸುರಿಯುವ ಜಾಗದಲ್ಲಿ ಗುಂಡಿ ಕೆದರಿ, ಅಡ್ಡ ಮಲಗಿ, ಕಾಲು ಮೇಲೆ ಮಾಡಿ, ಕಣ್ಣು ತೇಲಿಸಿ ಒದ್ದಾಡುತ್ತಿದ್ದವು. ನಾಗಭೂಷಣನಿಗೆ ಜೀವ ಬಾಯಿಗೆ ಬಂತು. ಮೂರ್ಛೆರೋಗ ಎಂದುಕೊಂಡ. ಎತ್ತಿಕೊಂಡು ಹೋಗಿ, ಮಂತ್ರ ಹೇಳಿ, ನದಿಯಲ್ಲಿ ಚೆನ್ನಾಗಿ ಮುಳುಗಿಸಿ ತಂದ.

ಕೋಳಿಗಳು ಚಿಂದಿಬಟ್ಟೆಯಂತೆ ಆಗಿ ನಡುಗುತ್ತಿದ್ದವು. ಅವ್ವ ತಮ್ಮ ಸೆರಗಿನಿಂದಲೇ ಒರೆಸಿ ಬಿಸಿಲಿಗೆ ಬಿಟ್ಟರು. ಆಮೇಲೆ ಕೂತುಕೊಂಡು, ಒಣಮಣ್ಣಿಗೆ ಬೂದಿ ಬೆರೆಸಿ ಗುಂಡಿಯನ್ನು ಮತ್ತೆ ತುಂಬಿದರು.

“ಇದು ಅವರ ಸ್ನಾನ ಕಣೋ. ಹೇನು ಉದುರುತ್ತೆ.”

“ಬೂದಿ ಬಳ್ಕೊಳ್ಳೋದು ಸ್ನಾನವಾ ಅವ್ವಾ?”

ಅವ್ವ ಅವನ ಹಣೆಯ ವಿಭೂತಿಯನ್ನು ನೋಡಿದರು. 

ನಾಗಭೂಷಣ ಆ ದಿನವೆಲ್ಲ ಯೋಚಿಸಿದ. ಸಂಜೆ ಹೊತ್ತಿಗೆ ಅವನಿಗೆ ಹೊಳೆಯಿತು. ನಮಗೆ ಯಾವುದು ಸರಿಯೋ ಕೋಳಿಗೆ ಅದು ತಪ್ಪು. ನಾವು ದೀಪ ಹಚ್ಚಿದ ಮೇಲೆ ಬಾಗಿಲು ಹಾಕಿಕೊಳ್ಳುತ್ತೇವೆ. ಹಾಗಾಗಿ ಅವನು ಕೋಳಿಗೂಡಿನ ಬಾಗಿಲು ತೆರೆದಿಟ್ಟ.

ಅವ್ವ ಹೋಗಿ ಹಾಕಿ ಬಂದರು. “ಕಾಡುಬೆಕ್ಕಿಗೆ ನಿನ್ನ ಸಿದ್ಧಾಂತ ಗೊತ್ತಿಲ್ಲ.”

“ಹಾಗಾದ್ರೆ ಕೋಳಿನೂ ನಮ್ಮಂಗೇನಾ, ನಮ್ಮಂಗಲ್ವಾ?”

“ಕೋಳಿ ಕೋಳಿ ಹಂಗೆ.”

ಅವನಿಗೆ ಆ ಅರ್ಧವೂ ಹೋಯಿತು.

ಸ್ವಲ್ಪ ದಿನಕ್ಕೆ ಅವ್ವನಿಗೆ ಹೇಳಿಕಳಿಸಿದರು. ನದಿಯ ಕೆಳಗಿನ ಊರಲ್ಲಿ ಅವರ ಜೊತೆಗೇ ದೀಕ್ಷೆ ತೆಗೆದುಕೊಂಡಿದ್ದ ಮುದುಕಿಯೊಬ್ಬಳು ಹಾಸಿಗೆ ಹಿಡಿದಿದ್ದಳು. ಅವ್ವ ದೋಣಿ ಹತ್ತಿ ಹೋದರು. ಯಾವಾಗ ಬರುತ್ತಾರೋ ಅವರಿಗೂ ಗೊತ್ತಿರಲಿಲ್ಲ.

ಅವರು ಅತ್ತ ಹೋದ ಮೇಲೆ ಕೋಳಿಗಳು ಇತ್ತ ಮೊಟ್ಟೆಯಿಡಲು ಶುರು ಮಾಡಿದವು. ಮೂರೂ ಒಂದೇ ಬುಟ್ಟಿಯಲ್ಲಿ.

ಆಶ್ರಮದಲ್ಲಿ ಮೊಟ್ಟೆ ತಿನ್ನುವವರಿಲ್ಲ. ಅದೊಂದೇ ಅಲ್ಲ. ಕೊಡದ್ದನ್ನು ತೆಗೆದುಕೊಳ್ಳಬಾರದು ಎಂಬುದು ನಾಗಭೂಷಣ ಅವ್ವನ ಮುಂದೆ ನೀರು ಮುಟ್ಟಿ ಮಾಡಿದ ಮೊದಲ ವ್ರತ. ಕೋಳಿಗಳು ತನಗೆ ಕೊಟ್ಟವೇ ಎಂದು ಅವನು ಕೇಳಿಕೊಂಡ. ಕೊಟ್ಟಿರಲಿಲ್ಲ. ಇಟ್ಟಿದ್ದವು, ಅಷ್ಟೇ.

ಅವನು ಮುಟ್ಟಲಿಲ್ಲ. ಬುಟ್ಟಿ ತುಂಬುತ್ತ ಬಂತು.

ಒಂದು ದಿನ ಕ್ಷಮಾ ಅದರ ಮೇಲೆ ಹೋಗಿ ಕೂತಳು. ಏಳಲಿಲ್ಲ. ಕಾಳು ಹಾಕಿದರೆ ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಮೈಯೆಲ್ಲ ಉಬ್ಬಿಸಿ, ಕಣ್ಣು ಅರ್ಧ ಮುಚ್ಚಿ, ಉಸಿರಾಡುತ್ತಿದ್ದಾಳೋ ಇಲ್ಲವೋ ತಿಳಿಯದಂತೆ ಕೂತಿದ್ದಳು. ಮಡಿಲಿಗೆ ಬರುವುದನ್ನೂ ಬಿಟ್ಟಳು.

ನಾಗಭೂಷಣನಿಗೆ ಮೊದಲು ಬೇಜಾರಾಯಿತು. ಆಮೇಲೆ ನಾಚಿಕೆಯಾಯಿತು. ಇಷ್ಟು ವರ್ಷ ಧ್ಯಾನಕ್ಕೆ ಕೂತರೂ ಅವನಿಗೆ ಕಾಲು ಜುಮ್ಮೆನ್ನುತ್ತಿತ್ತು, ಮಧ್ಯೆ ಸಾರಿನ ವಾಸನೆ ಬಂದರೆ ಮನಸ್ಸು ಒಲೆಯ ಹತ್ತಿರ ಹೋಗುತ್ತಿತ್ತು. ಇವಳು ನೋಡಿದರೆ ಹಸಿವನ್ನೇ ಗೆದ್ದಿದ್ದಾಳೆ.

ಅವನು ತನ್ನ ಚಾಪೆಯನ್ನು ಬುಟ್ಟಿಯ ಮುಂದೆ ಹಾಸಿಕೊಂಡ.

ಬಂದ ಭಕ್ತರು ಕೇಳಿದರು. ಅವನು ಹೇಳಿದ. ಅವರು ದೂರ ನಿಂತು ಕೈಮುಗಿದರು. ಒಬ್ಬಾಕೆ ಬುಟ್ಟಿಯಲ್ಲಿ ದಾಸವಾಳ ಇಡಲು ಹೋದಾಗ ಕ್ಷಮಾ ಅವಳ ಬೆರಳನ್ನು ಕುಕ್ಕಿದಳು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಅವ್ವ ಹಿಂದಿರುಗಿದ ದಿನ ಅದೇ ದೋಣಿಯಲ್ಲಿ ದುಂಡಮ್ಮನೂ ಇದ್ದಳು, ಕೋಳಿಗಳಿಗೆಂದು ರಾಗಿ ಕಟ್ಟಿಕೊಂಡು. ಇಬ್ಬರೂ ಗೂಡಿನ ಹತ್ತಿರ ಬಂದಾಗ ನಾಗಭೂಷಣ ಕಣ್ಣುಮುಚ್ಚಿ ಕೂತಿದ್ದ.

“ಇದೇನೋ?” ಅಂದರು ಅವ್ವ.

“ಕ್ಷಮಾ ತಪಸ್ಸಿಗೆ ಕೂತಿದ್ದಾಳೆ ಅವ್ವಾ.”

“ನೀನು?”

“ನಾನು ಅವಳಿಂದ ಕಲೀತಿದ್ದೀನಿ.”

ದುಂಡಮ್ಮ ಬಗ್ಗಿ ನೋಡಿದಳು. “ಅಯ್ಯೋ ಸ್ವಾಮೇರೇ, ಅದು ಕಾವಿಗೆ ಕೂತಿರೋದು. ಕೆಳಗೆ ಮೊಟ್ಟೆ ಇಟ್ಟಿದೀರಾ?”

“ನಾನು ಇಟ್ಟಿಲ್ಲ. ತೆಗೆದಿಲ್ಲ.”

“ಹುಂಜ ಎಲ್ಲಿತ್ತು?”

“ಹುಂಜ ಯಾಕೆ?”

ದುಂಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನದಿಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

“ನಗಬೇಡವೇ,” ಅಂದರು ಅವ್ವ. “ಬ್ರಹ್ಮಚರ್ಯ ಕೊಟ್ಟಿದ್ದು ನಾನೇ.” ಶಿಷ್ಯನಿಗೆ ಹೇಳಿದರು, “ಹುಂಜ ಇಲ್ದೆ ಮೊಟ್ಟೆ ಬರುತ್ತೆ. ಮರಿ ಬರಲ್ಲ.”

“ಇನ್ನೂ ಸ್ವಲ್ಪ ದಿನ ಕೂತ್ರೆ?”

“ಆಗ್ಲೂ ಬರಲ್ಲ.”

“ಅವಳಿಗೆ ಗೊತ್ತಾ?”

“ಇಲ್ಲ.”

ಅವ್ವ ಅವನ ಕೈಹಿಡಿದು ಕ್ಷಮಾಳ ಎದೆಯ ಪುಕ್ಕದೊಳಗೆ ಇಟ್ಟರು. ಮಾಂಸ ಕರಗಿಹೋಗಿತ್ತು. ಎದೆಮೂಳೆ ಕತ್ತಿಯ ಅಂಚಿನಂತೆ ಬೆರಳಿಗೆ ತಾಗಿತು. ಕೆಂಪಗಿದ್ದ ಜುಟ್ಟು ಬೆಳ್ಳಗಾಗಿ ಒಂದು ಪಕ್ಕಕ್ಕೆ ಜೋತಿತ್ತು. ಇಷ್ಟು ದಿನ ಎದುರಿಗೇ ಕೂತಿದ್ದರೂ ಅವನು ಅದನ್ನು ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದ.

ದುಂಡಮ್ಮನ ನಗು ನಿಂತಿತ್ತು. “ಹಿಂಗೇ ಕೂತು ಕೂತು ನಮ್ಮನೇಲಿ ಒಂದು ಪ್ರಾಣ ಬಿಡ್ತು ಅವ್ವಾ. ಇದೂ ಹೋದ್ರೆ ನಾನು ಅಮ್ಮಂಗೆ ಏನು ಹೇಳ್ಲಿ?”

“ಯಾರ ಮನೇಲಾದ್ರೂ ಮರಿ ಇದ್ರೆ ತಂದು ಇವಳ ಕೆಳಗೆ ಬಿಡ್ಬಹುದಿತ್ತು.”

“ಈಗ ಯಾರ ಮನೇಲೂ ಇಲ್ಲ ಅವ್ವಾ. ವಿಚಾರಿಸ್ಕೊಂಡೇ ಬಂದೆ, ನಮ್ಮ ಓರಗಿತ್ತಿಗೂ ಬೇಕಾಗಿತ್ತು.”

“ಹಾಗಾದ್ರೆ ಮೊಟ್ಟೆ ತೆಗಿ,” ಎಂದು ಅವ್ವ ಶಿಷ್ಯನಿಗೆ ಹೇಳಿದರು.

ನಾಗಭೂಷಣ ಅಲ್ಲಾಡಲಿಲ್ಲ. “ಕೊಡದ್ದನ್ನ ತಗೋಬಾರದು ಅಂತ ನೀವೇ ಹೇಳಿದ್ರಿ.”

“ಹೇಳಿದ್ದೆ.”

“ಅದು ಸುಳ್ಳಾ?”

“ಅಲ್ಲ.”

“ಮತ್ತೆ?”

“ತೆಗಿ.”

“ನೀವೇ ತೆಗೀರಿ ಅವ್ವಾ.”

“ಕೋಳಿ ಯಾರದ್ದು?”

ಅವನು ಹೆಗಲ ಮೇಲಿನ ವಸ್ತ್ರವನ್ನು ಕೈಗೆ ಸುತ್ತಿಕೊಂಡ. ಅವ್ವ ಅದನ್ನು ಬಿಚ್ಚಿ ತಮ್ಮ ಹೆಗಲಿಗೆ ಹಾಕಿಕೊಂಡರು.

“ಅವಳದ್ದನ್ನ ತೆಗೀತಿದ್ದೀಯ. ಒಂದೆರಡು ಸಲ ಕುಕ್ಕಿಸ್ಕೊ.”

ಅವನು ಕೈ ಹಾಕಿದ. ಅವಳು ಕುಕ್ಕಿದಳು. ಅವನು ಕೈ ಹಿಂದೆ ತೆಗೆದ.

“ಕುಕ್ತಾಳೆ.”

“ಹೂಂ.”

ಮತ್ತೆ ಹಾಕಿದ. ಈ ಸಲ ರಕ್ತ ಬಂತು. ಮೊಟ್ಟೆಗಳು ಅವಳ ಮೈಯಷ್ಟೇ ಬಿಸಿಯಾಗಿದ್ದವು. ಒಂದೊಂದಾಗಿ ತೆಗೆದು ದುಂಡಮ್ಮನ ಕೈಗೆ ಕೊಟ್ಟ. ಒಂದು ಜಾರಿ ಒಡೆಯಿತು. ಆ ನಾತಕ್ಕೆ ಮೂವರೂ ಮೂಗು ಮುಚ್ಚಿಕೊಂಡರು.

ಕ್ಷಮಾ ಮಾತ್ರ ಇದ್ದ ಹುಲ್ಲಿನ ಮೇಲೆ ಇನ್ನಷ್ಟು ಒತ್ತಿ ಕೂತಳು.

ಹುಲ್ಲನ್ನೂ ತೆಗೆದರು. ಬರೀ ಬುಟ್ಟಿಯಲ್ಲಿ ಕೂತಳು. ಬುಟ್ಟಿಯನ್ನೂ ತೆಗೆದರು. ಬುಟ್ಟಿ ಇದ್ದ ಜಾಗದಲ್ಲಿ ಕೂತಳು.

ಅವ್ವ ಸಂದು ಬಿಟ್ಟು ಹೆಣೆದ ಬಿದಿರು ತಟ್ಟಿಯೊಂದನ್ನು ಹೊಂಗೆಯ ನೆರಳಲ್ಲಿ ಕಲ್ಲುಗಳ ಮೇಲೆ ಎತ್ತರಿಸಿ ಇಟ್ಟರು. ಕ್ಷಮಾಳನ್ನು ಅದರ ಮೇಲೆ ಬಿಟ್ಟು ದೊಡ್ಡ ಮಂಕರಿ ಬುಟ್ಟಿಯನ್ನು ಕವುಚಿದರು. ನೀರು, ರಾಗಿ ಒಳಗಿಟ್ಟರು.

“ಹೊಟ್ಟೆ ಕೆಳಗೆ ಗಾಳಿ ಆಡ್ಬೇಕು. ಮೈ ತಣ್ಣಗಾದ್ರೆ ಕಾವು ಬಿಡುತ್ತೆ.”

ಕ್ಷಮಾ ಕಿರುಚಲು ಶುರು ಮಾಡಿದಳು. ದಿನವೆಲ್ಲ ಕೂಗುವ ಶಾಂತಿಯೇ ಅದನ್ನು ಕೇಳಿ ಸುಮ್ಮನಾದಳು.

ನಾಗಭೂಷಣ ಮಂಕರಿಯ ಪಕ್ಕ ಕೂತ. ಕಿವಿ ಮುಚ್ಚಿಕೊಂಡ. ಆಮೇಲೆ ಅದು ಸರಿಯಲ್ಲ ಎನ್ನಿಸಿ ಕೈ ತೆಗೆದ.

“ಇದು ಹಿಂಸೆ ಅಲ್ವಾ ಅವ್ವಾ?”

“ನೋಡಿದ್ರೆ ಹಂಗೇ ಕಾಣುತ್ತೆ.”

“ನಾನು ಮೊದ್ಲು ಮಾಡಿದ್ದು?”

“ಅದು ನೋಡೋಕೆ ಚೆನ್ನಾಗಿತ್ತು. ಹೂವೂ ಇಡೋಕೆ ಬಂದಿದ್ರಂತೆ.”

ದುಂಡಮ್ಮ ದೋಣಿ ಹತ್ತುವಾಗ ಕೇಳಿದಳು, “ಮಂಗಳವಾರ ಬರ್ತೀನಿ ಸ್ವಾಮೇರೇ. ಇರ್ತಾಳಾ?”

ಅವನು ಅವ್ವನ ಮುಖ ನೋಡಿದ. ಅವ್ವ ನದಿ ನೋಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಮಂಕರಿ ಎತ್ತಿದರೆ ಕ್ಷಮಾ ಬುಟ್ಟಿ ಇದ್ದ ಜಾಗಕ್ಕೇ ಓಡಿದಳು. ಅವನು ಮತ್ತೆ ಹಿಡಿದು ತಂದು ಒಳಗಿಟ್ಟ. ಅವಳು ಮತ್ತೆ ಕುಕ್ಕಿದಳು. ರಾಗಿ ಹಾಗೇ ಇತ್ತು.

ಅವನಿಗೂ ಊಟ ಸೇರಲಿಲ್ಲ. “ಅವಳು ತಿನ್ನೋವರೆಗೂ ನಾನೂ ತಿನ್ನಲ್ಲ ಅವ್ವಾ.”

“ಅದರಿಂದ ಅವಳಿಗೇನು ಲಾಭ?”

ಅವನು ಉಂಡ. ಉಂಡು ಬಂದು ಮತ್ತೆ ಪಕ್ಕದಲ್ಲಿ ಕೂತ. ಈ ಸಲ ಕಣ್ಣು ಬಿಟ್ಟುಕೊಂಡು.

ಈ ನಡುವೆ ಶಾಂತಿ, ದಯಾ ಇಟ್ಟ ಮೊಟ್ಟೆಗಳನ್ನು ಅವ್ವ ತಾವೇ ತೆಗೆದು ದೋಣಿಯವನ ಕೈಯಲ್ಲಿ ದುಂಡಮ್ಮನಿಗೆ ಕಳಿಸುತ್ತಿದ್ದರು. ಅವಳ ಮನೆಯಲ್ಲಿ ಬಾಣಂತಿ ಇದ್ದಳು. ವ್ರತ ಕೊಟ್ಟ ಕೈಯೇ ಹೀಗೆ ಎತ್ತಿ ಎತ್ತಿ ಕೊಡುವುದನ್ನು ನಾಗಭೂಷಣ ನೋಡುತ್ತಿದ್ದ. ಕೇಳಲು ಧೈರ್ಯ ಬರಲಿಲ್ಲ. ಉತ್ತರ ಬಂದರೆ ಇನ್ನೂ ಗೊಂದಲ ಎಂಬ ಹೆದರಿಕೆ.

ಒಂದು ಬೆಳಿಗ್ಗೆ ಮಂಕರಿ ಎತ್ತಿದಾಗ ಕ್ಷಮಾ ಓಡಲಿಲ್ಲ. ನಿಂತಳು. ಮೈ ಕೊಡವಿದಳು. ನೀರಿಗೆ ಕೊಕ್ಕು ಅದ್ದಿ ಕತ್ತು ಮೇಲೆತ್ತಿ ಕುಡಿದಳು. ಕೆಳಗಿಳಿದು, ಸೀದಾ ಹೋಗಿ, ದಯಾಳ ಮುಂದಿದ್ದ ಕಾಳನ್ನು ಕಸಿದಳು. ದಯಾಳಿಗೆ ಏನಾಯಿತೆಂದೇ ತಿಳಿಯಲಿಲ್ಲ.

ನಾಗಭೂಷಣ ಹೊಂಗೆ ಮರಕ್ಕೆ ಒರಗಿ, ಮುಖಕ್ಕೆ ವಸ್ತ್ರ ಮುಚ್ಚಿಕೊಂಡ.

ಮಂಗಳವಾರ ದುಂಡಮ್ಮ ದೋಣಿಯಿಂದ ಇಳಿಯುತ್ತಲೇ ಕೂಗಿದಳು. ಕ್ಷಮಾ ಓಡಿಬಂದು ಅವಳ ಕಾಲ್ಬೆರಳನ್ನು ಕುಕ್ಕಿದಳು.

“ಒಪ್ಕೊಂಡ್ಲು ಅವ್ವಾ,” ಎಂದು ದುಂಡಮ್ಮ ಅಲ್ಲೇ ಮರಳಲ್ಲಿ ಕೂತುಬಿಟ್ಟಳು. “ಅಮ್ಮ ಒಪ್ಕೊಂಡ್ಲು.”

ಕ್ಷಮಾಳ ಮೈ ತುಂಬಲು ಸುಮಾರು ದಿನ ಹಿಡಿಯಿತು. ಜುಟ್ಟು ನಿಧಾನವಾಗಿ ಕೆಂಪಾಯಿತು. ಅವಳು ಮತ್ತೆ ಮಡಿಲಿಗೆ ಬಂದಳು, ಆದರೆ ಅವನು ಕರೆದಾಗ ಅಲ್ಲ, ಅವಳಿಗೆ ಬೇಕೆನಿಸಿದಾಗ.

ಆಮೇಲೊಂದು ಬೆಳಿಗ್ಗೆ ನಾಗಭೂಷಣ ಗೂಡಿನ ಬಾಗಿಲು ತೆಗೆದರೆ, ಹೊಸ ಹುಲ್ಲು ಹಾಸಿದ ಬುಟ್ಟಿಯಲ್ಲಿ ಕ್ಷಮಾ ಕೂತಿದ್ದಳು. ಅವನನ್ನೇ ನೋಡುತ್ತಿದ್ದಳು. ಅಡಿಯಲ್ಲಿ ಏನೋ ಬೆಳ್ಳಗೆ ಕಂಡಂತಾಯಿತು.

ಅವನು ಬಾಗಿಲಲ್ಲೇ ನಿಂತ. ಮುಂದೆ ಹೋಗಲಿಲ್ಲ. ಹಿಂದೆ ತಿರುಗಿ ಅವ್ವನ ಹತ್ತಿರ ಓಡಿದ.

ಅವ್ವ ಸೊಪ್ಪು ಬಿಡಿಸುತ್ತಿದ್ದರು.

“ಅವ್ವಾ, ಕ್ಷಮಾ ಬುಟ್ಟೀಲಿ ಕೂತಿದ್ದಾಳೆ.”

“ಇಡೋಕೆ ಕೂತಿದ್ದಾಳೋ, ಕಾವಿಗೆ ಕೂತಿದ್ದಾಳೋ?”

“ಗೊತ್ತಾಗ್ಲಿಲ್ಲ. ತೆಗೆದ್ರೆ ಕಳ್ಳತನ ಆಗುತ್ತೆ. ಬಿಟ್ರೆ ಅವಳು ಸಾಯ್ತಾಳೆ. ಯಾವಾಗ ತೆಗೀಬೇಕು, ಯಾವಾಗ ಬಿಡಬೇಕು, ನನಗೆ ಒಂದೂ ಹೊಳೀತಿಲ್ಲ ಅವ್ವಾ. ಬಾಗಿಲಲ್ಲಿ ನಿಂತ್ರೇ ಗೊತ್ತಾಗೋ ಹಂಗೆ ಏನಾದ್ರೂ ಒಂದು ನಿಯಮ ಹೇಳಿ. ಸಾಯೋವರೆಗೂ ಪಾಲಿಸ್ತೀನಿ.”

ಅವ್ವ ಒಂದು ದಂಟು ಮುರಿದು ಪಕ್ಕಕ್ಕೆ ಹಾಕಿದರು.

“ಬಾಗಿಲಲ್ಲಿ ನಿಂತ್ರೆ ಗೊತ್ತಾಗಲ್ಲ ಕಣೋ. ದಿನಾ ಕೈ ಹಾಕಿ ನೋಡ್ಬೇಕು.”