ಅಪ್ಪಣೆ ಹರಿದು ಹಾಕುವ ಕುಳ್ಳ

“ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡಲಾಗುವುದು. ತಪ್ಪಿದವನಿಗೆ ಶೂಲ!” ಎಂದು ಹೊಂಬಳ್ಳಿ ನಾಡಿನಲ್ಲಿ ಡಂಗುರ ಸಾರಿದರು. ಶೂಲವೆಂದರೆ ನಿಜವಾಗಿಯೂ ಶೂಲ, ಬರಿಯ ಬೆದರಿಕೆಯಲ್ಲ.

ರಾಜಕುಮಾರಿ ಕನಕಾಂಬೆ ಗಿಡಗಳ ಶಾಸ್ತ್ರ ಓದಿದವಳು. ಗಿಡದ ಜೀವಕೋಶದೊಳಗೆ ಏನು ನಡೆಯುತ್ತದೆಂದು ಬಲ್ಲವಳು. ಆದ್ದರಿಂದಲೇ ಏನೂ ತಿಳಿಯದೆ ಬೀಗುವ ಗಂಡುಗಳೆಂದರೆ ಅವಳಿಗೆ ತಾತ್ಸಾರ.

ಮೊದಲು ನೆರೆನಾಡಿನ ಯುವರಾಜ ಬಲ್ಲರಸ ಬಂದ. ಅವಳು ಕೇಳಿದಳು: “ಅರಮನೆಯಿಂದ ಅಪ್ಪಣೆ ಹೊರಡುತ್ತದೆ. ನಡುದಾರಿಯಲ್ಲಿ ಕುಳ್ಳನೊಬ್ಬ ಅದನ್ನು ಹರಿದು ಹಾಕುತ್ತಾನೆ. ಅವನಿಂದಲೇ ಅರಮನೆ ಉಳಿಯುತ್ತದೆ. ಯಾರವನು?”

“ರಾಜದ್ರೋಹಿ!”

“ದ್ರೋಹಿಯಿಂದ ಅರಮನೆ ಉಳಿಯುತ್ತದೆಯೆ? ಮೀಸೆಗೆ ತೀಡಿದ ಎಣ್ಣೆಯಲ್ಲಿ ಒಂದು ತೊಟ್ಟು ತಲೆಗೂ ಹಾಕಬಾರದಿತ್ತೆ?” ಎಂದಳು. ಅವನನ್ನು ಎಳೆದೊಯ್ದರು.

ಎರಡನೆಯವನು ಆಸ್ಥಾನ ಪಂಡಿತ ಶೇಷಗಿರಿ. ಅದೇ ಒಗಟಿಗೆ “ಕಿರು ಆರ್‌ಎನ್‌ಎ!” ಎಂದ. ಸರಿಯಾಗಿತ್ತು. ಜೀವಕೋಶವೆಂಬ ಅರಮನೆಯಲ್ಲಿ ಜೀನುಗಳ ಅಪ್ಪಣೆಯನ್ನು ಹೊತ್ತು ಹೋಗುವುದು ಒಂದು ಆರ್‌ಎನ್‌ಎ. ಬೇಡದ ಅಪ್ಪಣೆಯನ್ನು ಹಿಡಿದು ತುಂಡರಿಸುವುದು ಅದಕ್ಕಿಂತ ಬಹಳ ಚಿಕ್ಕದಾದ ಇನ್ನೊಂದು.

“ಬಾಯಾರಿದಾಗ ಆ ಕುಳ್ಳನ ಮಾತು ಕೇಳಿ, ಕೈ ಮಡಚಿ ಕಾಲು ಚಾಚುವವನು ಯಾರು?” ಎಂದು ಅವಳು ಎರಡನೆಯ ಒಗಟು ಕೇಳಿದಳು.

“ಯೋಗಿ.”

“ಹೆಸರು ಉರು ಹೊಡೆದಿದ್ದೀರಿ ಪಂಡಿತರೇ, ಅಷ್ಟೇ.” ಪಂಡಿತನೂ ಹೋದ.

ಆಗ ಭಟರು ಬೋರನನ್ನು ಎಳೆತಂದರು. ಅವನು ಅರಮನೆಯ ರಾಗಿ ಸಸಿಮಡಿ ನೋಡಿಕೊಳ್ಳುವವನು. ನಾಟಿಗೆ ಮೊದಲು ಸಸಿ ಗಟ್ಟಿಯಾಗಲೆಂದು ನಾಲ್ಕು ದಿನ ನೀರು ನಿಲ್ಲಿಸಿದ್ದ. ಬಾಡಿದ ಎಲೆ ಕಂಡ ಮಂತ್ರಿಗಳು, ಸಸಿ ಕೊಲ್ಲುತ್ತಿದ್ದಾನೆಂದು ಅವನಿಗೂ ಶೂಲ ಬರೆಸಿದ್ದರು.

“ಹೇಗೂ ಸಾಯೋನು, ನನಗೂ ಒಗಟು ಕೇಳಿಸಿ ಬುದ್ಧೀ” ಎಂದ ಬೋರ ರಾಜನಿಗೆ. ಸಭೆ ನಕ್ಕಿತು. “ಕೆಸರು ಕಾಲಿಗೆ ಕಾಲುಂಗುರ!” ಎಂದ ಒಬ್ಬ ಮಂತ್ರಿ.

ಮೊದಲ ಒಗಟಿಗೆ ಬೋರ ಹೇಳಿದ: “ಹೆಸರು ಗೊತ್ತಿಲ್ಲ ಅಮ್ಮಣ್ಣಿ. ನೀರು ನಿಂತಾಗ ಸಸಿಯೊಳಗೆ ಯಾರೋ ‘ಈಗ ಬೇಡ’ ಅಂತ ತಡೀತಾರೆ. ಇಲ್ಲದಿದ್ರೆ ಬರದಲ್ಲೂ ಹಬ್ಬ ಮಾಡಿ ಸಾಯ್ತಿತ್ತು. ಅವನೇ ಇರಬೇಕು.”

“ಎರಡನೆಯದು?”

“ಬೇರು. ಕಿತ್ತು ನೋಡಿದ್ದೀನಿ. ಬಾಯಾರಿದ ಸಸೀಲಿ ಪಕ್ಕದ ಕವಲು ಕಮ್ಮಿ, ಕೆಳಕ್ಕಿಳಿದಿದ್ದು ಉದ್ದ.”

ಕನಕಾಂಬೆ ನೆಟ್ಟಗೆ ಕುಳಿತಳು. “ಮಣ್ಣಿನಲ್ಲಿ ರಂಜಕದ ಸಾರ ಕಡಿಮೆಯಾಯಿತು. ಹಸಿದ ಎಲೆ ಕುಳ್ಳನನ್ನು ಬೇರಿಗೆ ಅಟ್ಟಿತು. ಅವನಿಗೆ ಬಾಗಿಲು ತೆಗೆಯಲು ಬಾರದು. ಆದರೂ ಸಾರ ಒಳಬರುವ ಬಾಗಿಲು ತೆರೆಯಿತು. ಹೇಗೆ?”

ಶೂಲಕ್ಕೇರಿಸುವ ಕಟುಕ ಎದ್ದು ನಿಂತ.

“ಅವನಿಗೆ ಬರೋದು ಒಂದೇ ಕೆಲಸ, ಹರಿಯೋದು” ಎಂದ ಬೋರ ಕೊನೆಗೆ. “‘ಬಾಗಿಲು ಮುಚ್ಚು’ ಅನ್ನೋ ಅಪ್ಪಣೇನೇ ಹರಿದಿರ್ತಾನೆ.”

ಅದೇ ಉತ್ತರ. ಕಿರು ಆರ್‌ಎನ್‌ಎ ತಾನಾಗಿ ಏನನ್ನೂ ಕಟ್ಟುವುದಿಲ್ಲ. ಅಡ್ಡಿಯನ್ನು ಅಡಗಿಸುತ್ತದೆ, ಬೇರು ಉಣ್ಣುತ್ತದೆ.

ರಾಜ ಮುಖ ಸಿಂಡರಿಸಿದ. “ಹೆಸರೂ ತಿಳಿಯದವನಿಗೆ ಮಗಳನ್ನು ಕೊಡಲೆ?”

“ಹೆಸರು ಮೂರಕ್ಷರ ಅಪ್ಪಾಜಿ, ಸಂಜೆಯೊಳಗೆ ಹೇಳಿಕೊಡುತ್ತೇನೆ” ಎಂದಳು ಕನಕಾಂಬೆ. “ನಿಮ್ಮ ಮಂತ್ರಿಗಳಿಗೆ ಕಣ್ಣು ಬಿಟ್ಟು ನೋಡುವುದನ್ನು ಕಲಿಸಲು ಎಷ್ಟು ಜನ್ಮ ಬೇಕು?”

ಅರ್ಧ ರಾಜ್ಯ ಬೋರನದಾಯಿತು, ಮದುವೆಯೂ ಆಯಿತು. ಅವನ ಸಾವು ನೋಡಲು ಮುಂದಿನ ಸಾಲು ಹಿಡಿದಿದ್ದ ಮಂತ್ರಿಗಳೇ ಮದುವೆಯೂಟಕ್ಕೂ ಮೊದಲ ಪಂಕ್ತಿಯಲ್ಲಿ ಕುಳಿತು, ಪಾಯಸ ಇನ್ನೊಮ್ಮೆ ಬರಲಿ ಎಂದರು.