ತಿಪ್ಪೇಶಿಯೂ ಎಲೆತೋಟದ ನುಸಿಯೂ

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಗೋಡೆ ಕಡೆ ಸರಿಯಿರಿ. ಇದು ಎಲೆಗೊಂಡನಹಳ್ಳಿಯ ತಿಪ್ಪೇಶಿಯ ಕತೆ. ದೇವರು ಅವನಿಗೆ ಆರಡಿ ಮೈ ಕೊಟ್ಟ, ಮೊರದಗಲ ಎರಡು ಕಿವಿ ಕೊಟ್ಟ, ಆ ಎರಡು ಕಿವಿಯ ನಡುವೆ ಏನಾದರೂ ಇಡಬೇಕು ಅನ್ನುವುದನ್ನು ಮಾತ್ರ ಮರೆತುಬಿಟ್ಟ. ಊರಿನ ತಾಯಂದಿರೆಲ್ಲ ಮಕ್ಕಳು ಹೇಳಿದ್ದನ್ನು ಕೇಳುವುದಿಲ್ಲ ಎಂದು ಅಳುತ್ತಿದ್ದರೆ, ಇವನ ತಾಯಿ ಗಂಗಮಾಳಮ್ಮ ಮಗ ಹೇಳಿದ್ದನ್ನು ಕೇಳುತ್ತಾನಲ್ಲ ಎಂದು ಅಳುತ್ತಿದ್ದಳು.

ಅವಳಿಗೆ ಇದ್ದದ್ದು ಒಂದು ವೀಳ್ಯದೆಲೆ ತೋಟ. ಎಲೆತೋಟ ಎಂದರೆ ಗೊತ್ತಲ್ಲ, ಅಗಸೆ ಮರಕ್ಕೆ ಬಳ್ಳಿ, ಬಳ್ಳಿಯ ಬುಡಕ್ಕೆ ಕಾಲುವೆ, ಸದಾ ನೆರಳು, ಸದಾ ತೇವ. ಮನುಷ್ಯರಿಗೆ ತಂಪು, ನುಸಿಗಳಿಗೆ ತವರುಮನೆ. ನುಸಿ ಸಾಸಿವೆಕಾಳಿಗಿಂತ ಸಣ್ಣದು, ಅದು ಕಚ್ಚಿದ ಗುಳ್ಳೆ ಕಡಲೆಕಾಳಿಗಿಂತ ದೊಡ್ಡದು. ಹೊತ್ತು ಇಳಿದು ಗಾಳಿ ನಿಂತಿತೋ, ಅವುಗಳಿಗೆ ಊಟದ ಹೊತ್ತು. ಊರಿನ ಎಲೆಗಾರರೆಲ್ಲ ಕೈಕಾಲಿಗೆ ಬೇವಿನೆಣ್ಣೆ ಸವರಿ, ತುಂಬುತೋಳಿನ ಅಂಗಿ ತೊಟ್ಟು, ಗಾಳಿ ಆಡುವ ಬೆಳಗಿನಲ್ಲೇ ಹೋಗಿ ಕೆಲಸ ಮುಗಿಸಿ ಬರುತ್ತಿದ್ದರು. ಅಷ್ಟು ಬುದ್ಧಿ ಊರಿನ ದನಗಳಿಗೂ ಇತ್ತು. ತಿಪ್ಪೇಶಿಗೆ ಇರಲಿಲ್ಲ.

ಈ ನುಸಿಯಿಂದಲೇ ಅವನಿಗೆ ಬಂದ ಎರಡು ಸಂಬಂಧ ಮುರಿದುಬಿದ್ದಿದ್ದವು. ಹೆಣ್ಣಿನ ಕಡೆಯವರು ಬಂದರು, ಅವನ ಮುಖದ ತುಂಬ ಎದ್ದ ಗುಳ್ಳೆ ನೋಡಿದರು, "ಅಯ್ಯಯ್ಯೋ, ಗಂಡಿಗೆ ಅಮ್ಮ ಆಗೈತೆ!" ಎಂದು ಕೂಗಿ ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದುಹೋದರು. ಸಿಡುಬಲ್ಲ, ನುಸಿ ಎಂದು ಗಂಗಮಾಳಮ್ಮ ಬೀದಿಯ ಕೊನೆಯವರೆಗೂ ಓಡಿ ಓಡಿ ಹೇಳಿದಳು. ಯಾರೂ ನಿಲ್ಲಲಿಲ್ಲ.

ಈಗ ಮೂರನೆಯ ಸಂಬಂಧ. ಮೂಡಲಗಿರಿಯಪ್ಪನ ಮಗಳು ಮುದ್ದಕ್ಕ. ಚುರುಕಾದ ಹುಡುಗಿ, ಒಂದು ಸಲ ನೋಡಿದರೆ ಎಲ್ಲ ಕೆಲಸ ಕಲಿಯುವವಳು. ಗಂಗಮಾಳಮ್ಮನಿಗೆ ಸೊಸೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ತಲೆ. ತಾನು ಕಣ್ಣು ಮುಚ್ಚಿದ ಮೇಲೆ ಈ ಮನೆಯಲ್ಲಿ ಯೋಚನೆ ಮಾಡುವುದಕ್ಕೆ ಒಬ್ಬರಾದರೂ ಇರಬೇಕಲ್ಲ!

ಎಲೆ ಬೆಳೆಯುವವರಲ್ಲಿ ಒಂದು ಶಾಸ್ತ್ರವಿದೆ. ಗಂಡು ತನ್ನ ತೋಟಕ್ಕೆ ಬರಿಗಾಲಲ್ಲಿ ಹೋಗಿ, ತನ್ನ ಕೈಯಾರೆ ನೂರು ಎಲೆ ಕೊಯ್ದು ತರಬೇಕು. ಹೆಣ್ಣು ಸೆರಗನ್ನು ಎರಡು ಕೈಯಲ್ಲಿ ಹಿಡಿದು ಮಡಿಲೊಡ್ಡಿ ಕೂರಬೇಕು. ಎಲೆ ಮಡಿಲಿಗೆ ಬಿದ್ದರೆ ಮಾತು ಗಟ್ಟಿ. ಎಲೆ ಬೀಳುವ ಮೊದಲೇ ಹೆಣ್ಣು ಎದ್ದಳೋ, ಸಂಬಂಧ ಅಲ್ಲಿಗೇ ಮುಗಿಯಿತು. ಹುಣ್ಣಿಮೆಯ ಸೋಮವಾರ ಗೋಧೂಳಿ ಹೊತ್ತಿಗೆ ಶಾಸ್ತ್ರ ಎಂದು ಐನೋರು ಗೊತ್ತು ಮಾಡಿಕೊಟ್ಟರು. ಇನ್ನು ಹದಿನೈದು ದಿನ.

"ಲೇ ತಿಪ್ಪೇಶಿ, ಹೋಗಿ ಎಲೆ ಕೊಯ್ಯೋದು ಅಭ್ಯಾಸ ಮಾಡ್ಕೊ. ಎಡಗೈಲಿ ಬಳ್ಳಿ ಹಿಡಿ, ಬಲಗೈಲಿ ತೊಟ್ಟು ಚಿವುಟು. ನೂರಾಗೋ ತನಕ ಬಳ್ಳಿ ಮೇಲಿಂದ ಕೈ ತೆಗೀಬೇಡ!"

"ಆಗಲವ್ವ, ಹಂಗೇ ಮಾಡ್ತೀನಿ."

ಹೋದ. ಬೆಳಗಿನ ಹೊತ್ತೆಲ್ಲ ನಿದ್ದೆ ಹೊಡೆದು ಸಂಜೆಗೆ ಹೋದ. ನುಸಿ ಹಣೆ ಮೇಲೆ ಕೂತಿತು, ಕೈ ತೆಗೆಯಲಿಲ್ಲ. ಮೂಗಿನ ಮೇಲೆ ಕೂತಿತು, ಕೈ ತೆಗೆಯಲಿಲ್ಲ. ಕಿವಿಯೊಳಗೇ ಸಂಸಾರ ಹೂಡಿತು, ಆಗಲೂ ಕೈ ತೆಗೆಯಲಿಲ್ಲ. ಮನೆಗೆ ಬಂದಾಗ ಅವನ ಮುಖ ಹಲಸಿನಕಾಯಿಯಂತೆ ಇತ್ತು.

"ಇದೇನ್ಲಾ ಇದು!"

"ಕೈ ತೆಗೀಬೇಡ ಅಂದಿದ್ದೆ, ತೆಗೀಲಿಲ್ಲವ್ವ."

"ಅಯ್ಯೋ ನನ್ನ ಹಣೇಬರವೇ! ನುಸಿ ಕೂತದ್ದು ಕಂಡ್ರೆ ಫಟ್ ಅಂತ ಹೊಡೀಬೇಕು ಕಣ್ಲಾ! ಎಲ್ಲಿ ಕೂತ್ರೆ ಅಲ್ಲಿ! ಹಿಂದೆ ಮುಂದೆ ನೋಡಬಾರ್ದು! ಇಷ್ಟು ದೊಡ್ಡೋನಾಗಿ ನಿನಗೆ ಬುದ್ಧಿ ಯಾವಾಗ ಬರೋದು!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಹಾಗೇ ಮಾಡಿದ. ಹುಣಸೆ ಕೋಲೊಂದನ್ನು ಕೈಯಲ್ಲಿ ಹಿಡಿದು ತೋಟಕ್ಕೆ ನುಗ್ಗಿದ. ಎಲೆಯ ಮೇಲೆ ಒಂದು ನುಸಿ ಕೂತಿತ್ತು. ಫಟ್! ನುಸಿ ಹಾರಿ ಪಕ್ಕದ ಎಲೆಗೆ ಹೋಯಿತು. ಫಟ್! ಅಲ್ಲಿಂದ ಕುಡಿಗೆ ಹೋಯಿತು. ಫಟ್! ಫಟ್! ಒಂದು ಸಾಲು ಬಳ್ಳಿ ಚಿಂದಿ ಚಿಂದಿ. ಮೂರು ವರ್ಷ ಮಗುವಿನಂತೆ ಸಾಕಿದ ಬಳ್ಳಿ! ಒಂದು ನುಸಿಯೂ ಸಾಯಲಿಲ್ಲ. ಗಂಗಮಾಳಮ್ಮ ಬಂದು ನೋಡಿ ಕಾಲುವೆಯ ಬದಿಯಲ್ಲೇ ಕುಸಿದು ಕೂತಳು.

"ನನ್ನ ಹೊಟ್ಟೇಲಿ ಹುಟ್ಟೋ ಬದಲು ಈ ಕಾಲುವೇಲಿ ಒಂದು ಕಲ್ಲಾಗಿ ಹುಟ್ಟಿದ್ರೆ ಬಟ್ಟೆ ಒಗೆಯಕ್ಕಾದ್ರೂ ಆಗ್ತಿದ್ದೆ! ಹೊಡೆಯೋದೇನಕ್ಕೋ ದಡ್ಡ? ಕಾಟ ಕೊಡೋದು ಏನೇ ಬಂದ್ರೂ ಮಡಕೇಲಿ ಕೆಂಡ ಹಾಕು, ಮೇಲೆ ಬೇವಿನ ಸೊಪ್ಪು ಹಾಕು, ಹೊಗೆ ಕೊಡು! ತಾನಾಗೇ ಎದ್ದು ಹೋಗ್ತದೆ!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಎರಡು ದಿನ ಕಳೆದು ಮನೆಗೆ ದೊಡ್ಡತಾಯಕ್ಕ ಬಂದಳು. ಈ ಸಂಬಂಧ ಕುದುರಿಸಿದವಳು ಅವಳೇ. ಬಂದವಳು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಳು, ಬಾಯಿ ತೆರೆದಳು, ಮುಚ್ಚಲಿಲ್ಲ. ಹೆಣ್ಣಿನ ಮನೆಯ ಮಾತು ಮುಗಿಯಿತು, ಹೆಣ್ಣಿನ ಸೋದರತ್ತೆಯ ಮಾತು ಮುಗಿಯಿತು, ಸೋದರತ್ತೆಯ ಎಮ್ಮೆಯ ಮಾತು ಶುರುವಾಯಿತು. ಒಲೆಯ ಮುಂದೆ ಗಂಗಮಾಳಮ್ಮ ತನ್ನಷ್ಟಕ್ಕೆ ಗೊಣಗಿದಳು, "ಏನು ಕಾಟಾನಪ್ಪ ಇವಳದ್ದು."

ಅಷ್ಟು ಸಾಕಾಯಿತು ನಮ್ಮ ಮಹಾಶಯನಿಗೆ! ಮಡಕೆ ಬಂತು, ಕೆಂಡ ಬಂತು, ಬೇವಿನ ಸೊಪ್ಪು ಬಂತು. ದೊಡ್ಡತಾಯಕ್ಕನ ಮೂಗಿನ ಕೆಳಗೇ ಇಟ್ಟು ಮೊರದಲ್ಲಿ ಬೀಸಿದ. ಅವಳು ಕೆಮ್ಮಿದಳು, ಸೀನಿದಳು, ಕಣ್ಣೀರು ಸುರಿಸುತ್ತ ಕಂಬ ತಡಕುತ್ತ ಬೀದಿಗೆ ಬಿದ್ದಳು.

"ನೋಡವ್ವ! ತಾನಾಗೇ ಎದ್ದು ಹೋಯ್ತು!"

ಗಂಗಮಾಳಮ್ಮ ಬೀದಿಗೆ ಓಡಿ, ದೊಡ್ಡತಾಯಕ್ಕನ ಕಾಲು ಹಿಡಿದು, ಮೂರು ದಿನ ಅವಳ ಮನೆಗೆ ನಡೆದು, ಹೇಗೋ ಸಮಾಧಾನ ಮಾಡಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಮನೆಗೆ ಬಂದೋರಿಗೆ ಹೊಗೆ ಹಾಕ್ತಾರೇನ್ಲಾ, ಮೂಢ! ಹುಡುಕ್ಕೊಂಡು ಬಂದೋರಿಗೆ ನಗ್ತಾ ಬನ್ನಿ ಅನ್ನಬೇಕು! ಹೊಟ್ಟೆ ತುಂಬ ಬಡಿಸಬೇಕು! ಅವರು ಸಾಕು ಅನ್ನೋ ತನಕ ಅಲುಗಾಡಬಾರ್ದು! ಇಷ್ಟು ದೊಡ್ಡೋನಾಗಿ ನಿನಗೆ ಬುದ್ಧಿ ಯಾವಾಗ ಬರೋದು!"

"ಆಗಲವ್ವ, ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದೇನಾಯಿತು ಅಂತ ನೀವೇ ಊಹಿಸಿರಬೇಕು. ಊಹಿಸದಿದ್ದರೆ ನೀವೂ ಅವನ ಪಕ್ಕಕ್ಕೇ ಹೋಗಿ ಕೂತುಕೊಳ್ಳಿ. ಅಂದು ಸಂಜೆ ಬಳ್ಳಿಗೆ ನೀರು ಬಿಡಲು ತೋಟಕ್ಕೆ ಹೋದ ತಿಪ್ಪೇಶಿಯನ್ನು ಹುಡುಕಿಕೊಂಡು ನುಸಿಗಳು ಬಂದವು. ಮನೆತನದ ಮರ್ಯಾದೆ ಗೊತ್ತಿರುವ ಹುಡುಗ ನೋಡಿ, ನಗುತ್ತ ಕೈ ಮುಗಿದ. ಅಂಗಿ ಬಿಚ್ಚಿ ಕೊಂಬೆಗೆ ಹಾಕಿದ. ಕಾಲುವೆಯ ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

"ಬನ್ನಿ, ಬನ್ನಿ! ಬೆನ್ನಾದ್ರೂ ಆಯ್ತು, ಎದೆಯಾದ್ರೂ ಆಯ್ತು. ನಾಚ್ಕೋಬೇಡಿ. ಕೆನ್ನೆ ಯಾರೂ ಮುಟ್ಟೇ ಇಲ್ಲವಲ್ಲ, ಒಂದು ತುತ್ತು ತಗೊಳ್ಳಿ!"

ಯಾವ ನುಸಿಯೂ ಸಾಕು ಅನ್ನಲಿಲ್ಲ. ತಿಪ್ಪೇಶಿ ಅಲುಗಾಡಲಿಲ್ಲ. ನೀರು ಉಕ್ಕಿ ಪಕ್ಕದ ತೋಟಕ್ಕೆ ನುಗ್ಗಿ, ಪಕ್ಕದ ತೋಟದವನು ಬೈಯಲು ಬಂದು, ಅವನನ್ನು ನೋಡಿ ಹೆದರಿ ಹೊತ್ತುಕೊಂಡು ಮನೆಗೆ ತಂದು ಹಾಕಿದ. ಶಾಸ್ತ್ರಕ್ಕೆ ಇನ್ನು ಆರೇ ದಿನ! ಗಂಗಮಾಳಮ್ಮ ಅರಿಶಿನ ಅರೆದಳು, ಬೇವಿನ ರಸ ಹಿಂಡಿದಳು, ಹಚ್ಚಿದಳು, ತೊಳೆದಳು, ಮತ್ತೆ ಹಚ್ಚಿದಳು. ಅವನು ಕೆರೆದುಕೊಳ್ಳಲು ಕೈ ಎತ್ತಿದಾಗಲೆಲ್ಲ ಕೈಗೆ ಸೌಟಿನಲ್ಲಿ ಹೊಡೆದಳು. ನಾಲ್ಕನೆಯ ದಿನಕ್ಕೆ ಮುಖ ಮನುಷ್ಯರ ಮುಖವಾಯಿತು.

"ಇನ್ನು ಮೇಲೆ ಹೊರಗೆ ಕಾಲಿಟ್ರೆ ಮೈ ಮುಚ್ಚಿರಬೇಕು! ತಲೆಯಿಂದ ಪಾದದ ತನಕ ಕಂಬಳಿ! ಯಾರು ಎಷ್ಟು ಬೇಡಿಕೊಂಡ್ರೂ ಬಿಚ್ಚಬಾರ್ದು!"

"ಆಗಲವ್ವ, ಹಂಗೇ ಮಾಡ್ತೀನಿ."

ಮಾರನೆಯ ದಿನ, ಶಾಸ್ತ್ರದ ಹಿಂದಿನ ದಿನ, ಕ್ಷೌರಕ್ಕೆ ಕಳಿಸಿದಳು. ನಂಜುಂಡನ ಅಂಗಡಿಯಲ್ಲಿ ತಿಪ್ಪೇಶಿ ಕಂಬಳಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತ. "ಬಿಚ್ಚಪ್ಪ," ಎಂದ ನಂಜುಂಡ. "ಊಹೂಂ." "ಕೈ ಮುಗೀತೀನಿ, ಮಕ ತೋರಿಸು." "ಊಹೂಂ, ನೀನು ಬೇಡ್ಕೊಂಡ್ರೂ ಬಿಚ್ಚಲ್ಲ." ನಂಜುಂಡನಿಗೆ ರೇಗಿ, ಕಂಬಳಿಯ ಮೇಲೇ ಕತ್ತರಿ ಆಡಿಸಿ, ಉಣ್ಣೆ ಕತ್ತರಿಸಿ ಗುಡ್ಡೆ ಹಾಕಿ, "ಆಯ್ತು, ಎದ್ದೇಳು," ಎಂದ. ತಿಪ್ಪೇಶಿ ಬೋಳು ಕಂಬಳಿ, ಪೊದೆ ಗಡ್ಡ ಹೊತ್ತು ಮನೆಗೆ ಬಂದ.

ಗಂಗಮಾಳಮ್ಮನಿಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ. ನಂಜುಂಡನನ್ನೇ ಮನೆಗೆ ಕರೆಸಿ ಗಡ್ಡ ತೆಗೆಸಿದಳು. ಆಮೇಲೆ ಮಗನ ಎರಡು ಕಿವಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ನೋಡು ಮಗನೆ. ನಾಳೆ ಕಂಬಳಿ ಬೇಡ, ಹೊಗೆ ಬೇಡ, ಕೋಲು ಬೇಡ. ಬೆಳಿಗ್ಗೆ ಗಾಳಿ ಇರೋವಾಗ ಹೋಗಿ ನೂರೆಲೆ ಕೊಯ್ದು ಬಾ. ಆಮೇಲೆ ನುಸಿ ಗುಂಯ್ ಅಂದದ್ದು ಕೇಳಿಸಿತೋ, ಕೈಲಿರೋದು ಕೈಲಿದ್ದಂಗೇ ಒಳಕ್ಕೆ ಓಡಿ ಬಾ. ಮುಂದಿನ ಬಾಗಿಲು ಹಿತ್ತಲ ಬಾಗಿಲು ಎರಡಕ್ಕೂ ಅಗುಳಿ ಹಾಕು. ತೆಗೆದ್ರೆ ನುಸೀನೂ ಒಳಕ್ಕೆ ಬರ್ತದೆ. ಅವು ಹೋಗೋ ತನಕ ಯಾರು ಬಡಿದ್ರೂ ತೆಗೀಬೇಡ! ನಾಳೆ ಒಂದೇ ಒಂದು ಗುಳ್ಳೆ ನಿನ್ನ ಮಕದ ಮೇಲೆ ಕಾಣಬಾರ್ದು!"

"ಆಗಲವ್ವ, ಹಂಗೇ ಮಾಡ್ತೀನಿ."

ಮತ್ತು, ನಂಬುತ್ತೀರೋ ಇಲ್ಲವೋ, ಸೋಮವಾರ ಬೆಳಿಗ್ಗೆ ಎಲ್ಲ ಸರಿಯಾಗಿ ನಡೆಯಿತು! ಗಾಳಿ ಬೀಸುತ್ತಿತ್ತು. ತಿಪ್ಪೇಶಿ ಬರಿಗಾಲಲ್ಲಿ ಹೋದ. ನೂರು ಎಲೆ ಕೊಯ್ದ, ಒಂದೂ ಹರಿದಿರಲಿಲ್ಲ. ತಟ್ಟೆಯಲ್ಲಿ ಜೋಡಿಸಿ ತಂದ. ಮುಖ ತೊಳೆದ ಹಿತ್ತಾಳೆ ಚೊಂಬಿನಂತೆ ಹೊಳೆಯುತ್ತಿತ್ತು. ಗಂಗಮಾಳಮ್ಮ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು. ಪಾಪದ ಹೆಂಗಸು, ಹೆತ್ತು ಇಷ್ಟು ವರ್ಷ ಸಾಕಿದ ಮೇಲೂ ಅವನನ್ನು ನಂಬಿದಳು.

ಸಂಜೆ ಹೆಣ್ಣಿನ ಕಡೆಯವರು ಬಂದರು, ಇಪ್ಪತ್ತು ಜನ. ಮನೆಯೊಳಗೆ ಜಾಗ ಸಾಲದೆಂದು ಅಂಗಳದಲ್ಲಿ ಚಪ್ಪರ, ಚಪ್ಪರದ ಆಚೆಗೇ ತೋಟ. ಮೂಡಲಗಿರಿಯಪ್ಪ ಗಂಡಿನ ಮುಖವನ್ನು ಹತ್ತಿರದಿಂದ ನೋಡಿದ, ಪಕ್ಕದಿಂದ ನೋಡಿದ, "ಅಮ್ಮ ಗಿಮ್ಮ ಏನೂ ಇಲ್ಲ, ಶುದ್ಧವಾಗವ್ನೆ," ಎಂದು ತಲೆದೂಗಿದ. ಮುದ್ದಕ್ಕ ಚಾಪೆಯ ಮೇಲೆ ಕೂತು ಎರಡೂ ಕೈಯಲ್ಲಿ ಸೆರಗು ಹಿಡಿದು ಮಡಿಲೊಡ್ಡಿದಳು. ಗೋಧೂಳಿ ಹೊತ್ತು. ಗಾಳಿ ನಿಂತಿತು.

"ಎಲೆ ಹಾಕಪ್ಪ," ಎಂದರು ಐನೋರು.

ತಿಪ್ಪೇಶಿ ತಟ್ಟೆ ಹಿಡಿದು ಬಗ್ಗಿದ. ಕಿವಿಯ ಹತ್ತಿರ ಒಂದು ನುಸಿ ಗುಂಯ್ ಅಂದಿತು.

ಬಗ್ಗಿದವನು ನೆಟ್ಟಗಾದ. ತಟ್ಟೆ ಕೈಲಿದ್ದಂಗೇ ಒಳಕ್ಕೆ ಓಡಿದ. ಮುಂದಿನ ಬಾಗಿಲಿಗೆ ದಢಾರ್ ಎಂದು ಅಗುಳಿ. ಹಿತ್ತಲ ಬಾಗಿಲಿಗೆ ದಢಾರ್ ಎಂದು ಅಗುಳಿ.

"ಲೇ ತಿಪ್ಪೇಶಿ! ಬಾಗಿಲು ತೆಗಿ!"

"ಅವು ಹೋದ್ವಾ ಅವ್ವ?"

"ಎಲೆ ಕೊಡ್ಲಾ ಈಚೆಗೆ!"

"ಅವು ಹೋಗೋ ತನಕ ತೆಗೆಯಲ್ಲ!"

ಅವು ಹೋಗುವುದೆಲ್ಲಿ ಬಂತು! ತೋಟದ ನುಸಿಗಳಿಗೆಲ್ಲ ಸುದ್ದಿ ಮುಟ್ಟಿತ್ತು, ಚಪ್ಪರದಲ್ಲಿ ಇಪ್ಪತ್ತು ಜನ ಎಣ್ಣೆ ಸವರದೆ, ಹೊಸ ಬಟ್ಟೆ ಉಟ್ಟು ಕೂತಿದ್ದಾರೆ ಎಂದು. ಐನೋರು ಬರಿಮೈಯಲ್ಲಿದ್ದರು, ಮೊದಲು ಅವರಿಗೇ ಬಿದ್ದವು. ಮೂಡಲಗಿರಿಯಪ್ಪ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತ ಕುಣಿದ. "ಬೇವಿನ ಹೊಗೆ ಹಾಕ್ರೋ!" ಎಂದು ದೊಡ್ಡತಾಯಕ್ಕನೇ ಅರಚಿದಳು. ಮಡಕೆ ಒಳಗಿತ್ತು, ಬೆಂಕಿಯೂ ಒಳಗಿತ್ತು, ಅಗುಳಿಯೂ ಒಳಗಿತ್ತು.

ಮುದ್ದಕ್ಕ ಮಾತ್ರ ಅಲುಗಾಡಲಿಲ್ಲ. ಎರಡೂ ಕೈ ಸೆರಗಿನ ಮೇಲೆ. ಹಣೆ ಮೇಲೆ ಕಚ್ಚಿತು, ಕೂತಿದ್ದಳು. ಮೂಗಿನ ಮೇಲೆ ಕಚ್ಚಿತು, ಕೂತಿದ್ದಳು. ಗಂಗಮಾಳಮ್ಮ ಅವಳ ಮುಂದೆ ಮೊಣಕಾಲೂರಿ ಸೆರಗಿನಲ್ಲಿ ಬೀಸಿದಳು, "ಇನ್ನೊಂದು ಗಳಿಗೆ, ನನ್ನವ್ವ, ಇನ್ನೊಂದೇ ಗಳಿಗೆ!" ಎಂದು ಅಂಗಲಾಚಿದಳು. ಕಣ್ಣಿನ ರೆಪ್ಪೆಯ ಮೇಲೆ ಕಚ್ಚಿತು. ಮುದ್ದಕ್ಕ ಸೆರಗು ಬಿಟ್ಟಳು. ಎದ್ದಳು.

"ಅತ್ತೆ, ಕಚ್ಚಿಸ್ಕೊಂಡೇನು, ಸಹಿಸ್ಕೊಂಡೇನು. ಆದ್ರೆ ಆ ತಲೆ ಜೊತೆ ನಾನು ಬಾಳಲ್ಲ," ಎಂದಳು. ಇಪ್ಪತ್ತು ಜನರೂ ಎದ್ದರು. ಕೆರೆದುಕೊಳ್ಳುತ್ತ, ಬೈಯುತ್ತ, ಬೀದಿಯ ಕೊನೆಗೆ ಹೋಗಿ ಮರೆಯಾದರು. ಈ ಸಲ ಗಂಗಮಾಳಮ್ಮ ಯಾರ ಹಿಂದೆಯೂ ಓಡಲಿಲ್ಲ. ಚಪ್ಪರದ ಕಂಬ ಹಿಡಿದು ನಿಂತಿದ್ದಳು.

ನುಸಿಗಳು ಹೊಟ್ಟೆ ತುಂಬಿ ತೋಟಕ್ಕೆ ಮರಳಿದವು. ಸದ್ದು ಅಡಗಿತು. ಅಗುಳಿ ಸರಿಯಿತು. ಒಂದು ಕೈಯಲ್ಲಿ ದೀಪ, ಒಂದು ಕೈಯಲ್ಲಿ ನೂರು ಎಲೆಯ ತಟ್ಟೆ ಹಿಡಿದು ತಿಪ್ಪೇಶಿ ಹೊಸ್ತಿಲಿಗೆ ಬಂದ. ಮುಖ ಫಳಫಳ ಹೊಳೆಯುತ್ತಿತ್ತು.

"ನೋಡವ್ವ! ಒಂದೂ ಗುಳ್ಳೆ ಇಲ್ಲ!" ಎಂದ. ದೀಪ ಎತ್ತಿ ತಾಯಿಯ ಮುಖ ನೋಡಿದ. "ಅಯ್ಯೋ, ನಿನಗೇನಾಯ್ತು? ಅಮ್ಮ ಆಗೈತಾ?"

ಗಂಗಮಾಳಮ್ಮ ಊದಿದ ತುಟಿಯನ್ನು ಸೆರಗಿನಿಂದ ಒತ್ತಿಕೊಂಡಳು. ತಿಪ್ಪೇಶಿ ತಟ್ಟೆ ಕೆಳಗಿಟ್ಟ, ತಲೆ ಚಚ್ಚಿಕೊಂಡ.

"ನುಸಿ ಬಂದಾಗ ಹೊರಗೆ ನಿಂತ್ಕೋತಾರೇನವ್ವ? ಒಳಕ್ಕೆ ಓಡಿ ಬಂದು ಅಗುಳಿ ಹಾಕ್ಕೋಬೇಕು! ಇಷ್ಟು ದೊಡ್ಡೋಳಾಗಿ ನಿನಗೆ ಬುದ್ಧಿ ಯಾವಾಗ ಬರೋದು!"